ಭೂಮಿಯನ್ನು ಕೋನದಿಂದ ಅಳೆದವರು: ಅಬೂ ರೈಹಾನ್ ಅಲ್‌ಬೀರೂನಿ



ನಮ್ಮ ನಾಡಿನ ಕೆಲವು ಹಳೆಯ ಮಸೀದಿಗಳಲ್ಲಿ ನೀವು ಒಂದು ವಿಷಯವನ್ನು ಗಮನಿಸಿರಬಹುದು. ಗೋಡೆ ಒಂದು ದಿಕ್ಕಿಗಿದ್ದರೆ ಸಫ್ಫಿಗಾಗಿ ನೆಲದಲ್ಲಿ ಎಳೆದ ಗೆರೆಗಳು ಅದಕ್ಕೆ ಓರೆಯಾಗಿರುತ್ತವೆ. ಮೊದಲು ಕಟ್ಟಿದವರು ಕಿಬ್ಲಾ ಎಂದರೆ ಪಶ್ಚಿಮ ಎಂದುಕೊಂಡು ನೇರ ಪಶ್ಚಿಮಕ್ಕೆ ಕಟ್ಟಿದರು. ಆಮೇಲೆ ಬಂದವರು ಲೆಕ್ಕ ಹಾಕಿ ನೋಡಿದರು. ಮಂಗಳೂರು, ಬೆಂಗಳೂರಿನಂತಹ ಊರುಗಳಿಂದ ಪವಿತ್ರ ಕಅಬಾದ ದಿಕ್ಕು ಪಶ್ಚಿಮದಿಂದ ಉತ್ತರಕ್ಕೆ ಹದಿನೆಂಟು-ಹತ್ತೊಂಬತ್ತು ಡಿಗ್ರಿಗಳಷ್ಟು ವಾಲಿದೆ ಎಂದು ತಿಳಿದು ಹೊಸ ಗೆರೆ ಎಳೆದರು. ದೂರದಲ್ಲಿರುವವರಿಗೆ ದಿಕ್ಕು ಸರಿಯಿದ್ದರೆ ಸಾಕು ಎಂಬುದು ಅನೇಕ ಫುಕಹಾಗಳ ನಿಲುವು. ಆದ್ದರಿಂದ ಹಿರಿಯರ ನಮಾಝ್ ಏನಾಯಿತು ಎಂದು ಯಾರೂ ಗಾಬರಿಯಾಗಬೇಕಿಲ್ಲ.

ಆದರೆ ಮದ್ರಸದಲ್ಲಿ ಒಬ್ಬ ಹುಡುಗ ನನ್ನನ್ನು ಬೇರೊಂದು ಪ್ರಶ್ನೆ ಕೇಳಿದ. ಮಕ್ಕಾ ಇಲ್ಲಿಂದ ಕಾಣುವುದಿಲ್ಲ. ನಡುವೆ ಸಮುದ್ರವಿದೆ, ಹಗ್ಗ ಹಿಡಿದು ಅಳೆಯಲಾಗುವುದಿಲ್ಲ. ಹಾಗಿರುವಾಗ ಹದಿನೆಂಟು ಡಿಗ್ರಿ ಎಂದು ಯಾರಿಗೆ, ಹೇಗೆ ಗೊತ್ತಾಯಿತು? ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಆಯುಷ್ಯದ ಬಹುಭಾಗವನ್ನು ಕಳೆದ ಒಬ್ಬ ವಿದ್ವಾಂಸರಿದ್ದಾರೆ. ಅವರ ಬದುಕನ್ನು ತಿಳಿದರೆ ಉತ್ತರವೂ ತಿಳಿಯುತ್ತದೆ. ಅವರೇ ಅಬೂ ರೈಹಾನ್ ಮುಹಮ್ಮದ್ ಇಬ್ನ್ ಅಹ್ಮದ್ ಅಲ್‌ಬೀರೂನಿ.

ಅಮೂ ನದಿಯು ಅರಲ್ ಸಮುದ್ರದತ್ತ ಹರಿಯುವ ಬಯಲಿಗೆ ಆ ಕಾಲದಲ್ಲಿ ಖ್ವಾರಿಝ್ಮ್ ಎಂದು ಹೆಸರು. ಅದರ ಬಹುಭಾಗ ಇಂದು ಉಝ್ಬೇಕಿಸ್ತಾನದಲ್ಲಿದೆ. ಅಲ್ಲಿನ ಕಾಥ್ ಎಂಬ ರಾಜಧಾನಿಯ ಹೊರವಲಯದಲ್ಲಿ ಹಿಜರಿ 362ರಲ್ಲಿ, ಅಂದರೆ ಕ್ರಿ.ಶ. 973ರ ಸೆಪ್ಟೆಂಬರ್‌ನಲ್ಲಿ, ಅವರ ಜನನವಾಯಿತು. ಪಾರ್ಸಿಯಲ್ಲಿ ಬೀರೂನ್ ಎಂದರೆ ಹೊರಗೆ. ಹೊರಕೇರಿಯ ಹುಡುಗ ಎಂಬ ಅರ್ಥದ ಆ ಹೆಸರೇ ಅವರಿಗೆ ಕೊನೆಯತನಕ ಉಳಿಯಿತು. ಅವರಿಗೆ ಒಬ್ಬ ಒಳ್ಳೆಯ ಗುರು ಸಿಕ್ಕಿದರು. ಆಳುವ ಮನೆತನಕ್ಕೆ ಸೇರಿದ್ದ ಗಣಿತಜ್ಞ ಅಬೂ ನಸ್ರ್ ಮನ್ಸೂರ್, ಈ ಹುಡುಗನ ಬುದ್ಧಿಯನ್ನು ಕಂಡು ಹತ್ತಿರ ಕೂರಿಸಿಕೊಂಡು ಕಲಿಸಿದರು. ಮುಂದೆ ಈ ಗುರು ತಮ್ಮ ಹನ್ನೆರಡು ಕೃತಿಗಳನ್ನು ಶಿಷ್ಯನ ಹೆಸರಿಗೇ ಬರೆದರು. ಶಿಷ್ಯ ತನ್ನನ್ನು ಮೀರಿ ಬೆಳೆದಾಗ ಸಂತೋಷಪಡುವ ಗುರುಗಳು ಎಲ್ಲ ಕಾಲದಲ್ಲೂ ಕಡಿಮೆಯೇ. ನಾನೂ ಪಾಠ ಹೇಳುವವನಾದ್ದರಿಂದ ಈ ಸಂಗತಿ ನನ್ನ ಮನಸ್ಸಿನಲ್ಲಿ ಉಳಿದಿದೆ.

ಕ್ರಿ.ಶ. 990. ಬೀರೂನಿಯವರಿಗೆ ಆಗ ಹದಿನೇಳು ವರ್ಷ. ಅರ್ಧರ್ಧ ಡಿಗ್ರಿಗೆ ಗುರುತು ಹಾಕಿದ ಒಂದು ಉಂಗುರವನ್ನು ಹಿಡಿದು, ನಡುಹಗಲಿನಲ್ಲಿ ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆಂದು ನೋಡಿ, ತಮ್ಮ ಊರು ಭೂಮಧ್ಯರೇಖೆಯಿಂದ ಉತ್ತರಕ್ಕೆ ಎಷ್ಟು ಡಿಗ್ರಿ ದೂರದಲ್ಲಿದೆ ಎಂದು ಅವರು ಲೆಕ್ಕ ಹಾಕಿದರು.

ಮುಂದಿನದು ಅರ್ಥವಾಗಬೇಕಾದರೆ ನೀವು ಇಲ್ಲಿ ಸ್ವಲ್ಪ ನಿಲ್ಲಬೇಕು. ವೃತ್ತದ ಪರಿಧಿಯ ಒಂದು ತುಂಡಿಗೆ ನಮ್ಮ ಶಾಲಾ ಪುಸ್ತಕಗಳಲ್ಲಿ ಕಂಸ ಎನ್ನುತ್ತಾರೆ. ಆ ಕಂಸದ ಎರಡು ತುದಿಗಳಿಂದ ವೃತ್ತದ ಕೇಂದ್ರಕ್ಕೆ ಗೆರೆ ಎಳೆದರೆ ಕೇಂದ್ರದಲ್ಲಿ ಒಂದು ಕೋನ ಮೂಡುತ್ತದೆ. ಇದು ಕೇಂದ್ರ ಕೋನ. ಇದು 40 ಡಿಗ್ರಿ ಇದ್ದರೆ ಕಂಸದ ಅಳತೆಯೂ 40 ಡಿಗ್ರಿ. ಪೂರ್ಣ ಸುತ್ತು 360 ಡಿಗ್ರಿಯಾದ್ದರಿಂದ ಉಳಿದ ದೊಡ್ಡ ಕಂಸ 320 ಡಿಗ್ರಿ. ಲೆಕ್ಕ ಇಷ್ಟೇ. ಆದರೆ ಡಿಗ್ರಿ ಬೇರೆ, ಉದ್ದ ಬೇರೆ ಎಂಬುದನ್ನು ಮರೆಯಬಾರದು. ಮನೆಯಲ್ಲಿ ಒಂದು ಚಿಕ್ಕ ರೊಟ್ಟಿ, ಒಂದು ದೊಡ್ಡ ರೊಟ್ಟಿ ಮಾಡಿ ಎರಡನ್ನೂ ನಡುವಿನಿಂದ ಆರು ಸಮಪಾಲು ಮಾಡಿ ನೋಡಿ. ಎರಡರಲ್ಲೂ ಪ್ರತಿ ತುಂಡಿನ ಅಂಚು 60 ಡಿಗ್ರಿಯ ಕಂಸವೇ. ಆದರೆ ದೊಡ್ಡ ರೊಟ್ಟಿಯ ತುಂಡಿನ ಅಂಚು ಉದ್ದ. ಕೇಂದ್ರದಲ್ಲಿ ಕೋನ ಒಂದೇ, ಪರಿಧಿಯಲ್ಲಿ ಉದ್ದ ಮಾತ್ರ ಹೆಚ್ಚು ಕಡಿಮೆ. ಬೀರೂನಿಯವರ ಕೈಯಲ್ಲಿದ್ದ ಉಂಗುರ, ನಾವು ನಿಂತಿರುವ ಭೂಮಿ, ತಲೆಯ ಮೇಲಿನ ಆಕಾಶ ಇವೆಲ್ಲವೂ ಅವರಿಗೆ ಇಂತಹ ಚಿಕ್ಕ-ದೊಡ್ಡ ರೊಟ್ಟಿಗಳೇ. ಚಿಕ್ಕದರಲ್ಲಿ ಕೋನವನ್ನು ಓದಿದರೆ ದೊಡ್ಡದರ ಕಂಸ ಎಷ್ಟು ಡಿಗ್ರಿ ಎಂದು ತಿಳಿಯುತ್ತಿತ್ತು.

ಹಾಗಾದರೆ ಚಿಕ್ಕ ಉಂಗುರವೇ ಸಾಕಲ್ಲವೇ ಎಂದು ನೀವು ಕೇಳಬಹುದು. ಸಾಲದು. ಚಿಕ್ಕ ಉಂಗುರದಲ್ಲಿ ಒಂದು ಡಿಗ್ರಿಗೆ ಸಿಗುವ ಜಾಗ ಕೂದಲೆಳೆಯಷ್ಟು, ಅದನ್ನು ಮತ್ತೆ ಭಾಗ ಮಾಡಿ ಓದಲು ಕಣ್ಣು ಸೋಲುತ್ತದೆ. ಆದ್ದರಿಂದ ಕೆಲವು ವರ್ಷಗಳ ನಂತರ ಅವರು 15 ಮೊಳ ವ್ಯಾಸದ ದೊಡ್ಡ ಉಂಗುರವೊಂದನ್ನು ಸಿದ್ಧಪಡಿಸಿದರು. ಒಂದು ಮೊಳಕ್ಕೆ 24 ಬೆರಳಗಲ ಎಂಬ ಹಳೆಯ ಲೆಕ್ಕ ಹಿಡಿದರೆ, ಆ ಉಂಗುರದಲ್ಲಿ ಒಂದೊಂದು ಡಿಗ್ರಿಗೂ ಮೂರು ಬೆರಳಿಗಿಂತ ಸ್ವಲ್ಪ ಹೆಚ್ಚು ಜಾಗ ಸಿಗುತ್ತದೆ. ಬೇಕಿದ್ದರೆ ನೀವೇ ಗುಣಿಸಿ ನೋಡಿ. ಎಷ್ಟೋ ಊರುಗಳ ಸ್ಥಾನವನ್ನು ಹೀಗೆ ಅಳೆಯಬೇಕೆಂಬುದು ಅವರ ಆಸೆಯಾಗಿತ್ತು.

ಅದು ಕೈಗೂಡಲಿಲ್ಲ. 995ರ ಬೇಸಿಗೆಯಲ್ಲಿ ಸೂರ್ಯ ಉತ್ತರದ ತುತ್ತತುದಿ ಮುಟ್ಟುವ ದಿನ, ಕಾಥ್‌ನ ದಕ್ಷಿಣಕ್ಕೆ ನದಿಯಾಚೆಯ ಒಂದು ಹಳ್ಳಿಯಲ್ಲಿ ಒಂದೇ ಒಂದು ಅವಲೋಕನ ಸಾಧ್ಯವಾಯಿತು. ಅಷ್ಟರಲ್ಲಿ ಖ್ವಾರಿಝ್ಮಿನಲ್ಲಿ ಅಂತರ್ಯುದ್ಧ ಎದ್ದಿತು. ಗುರ್ಗಾಂಜ್‌ನ ಅಮೀರನು ಕಾಥ್‌ನ ಮೇಲೆ ಬಿದ್ದು ರಾಜನನ್ನು ಕೊಂದನು. ಬೀರೂನಿಯವರ ಗುರುವಿನ ಮನೆತನದ ಆಳ್ವಿಕೆ ಮುಗಿಯಿತು. ಇಪ್ಪತ್ತೆರಡರ ಯುವಕ ಊರು ಬಿಟ್ಟು ಓಡಬೇಕಾಯಿತು. ಆ ದೊಡ್ಡ ಉಂಗುರ ಹಿಂದೆಯೇ ಉಳಿಯಿತು.

ಈ ಓಟದಲ್ಲಿ ಅವರು ರಯ್ ನಗರಕ್ಕೆ ಬಂದರು. ಇಂದಿನ ತೆಹರಾನ್ ಪಕ್ಕದ ಊರು ಅದು. ಕೈಯಲ್ಲಿ ಕಾಸಿರಲಿಲ್ಲ. ಅಲ್ಲಿನ ಪಂಡಿತನೊಬ್ಬ ಒಂದು ವಿಷಯದಲ್ಲಿ ಇವರ ಮಾತನ್ನು ಅಲ್ಲಗಳೆದು ಹಾಸ್ಯ ಮಾಡಿದನು. ತಾನು ಬಡವನಾಗಿದ್ದುದೇ ಅದಕ್ಕೆ ಕಾರಣ, ಮುಂದೆ ತನ್ನ ಸ್ಥಿತಿ ಸುಧಾರಿಸಿದಾಗ ಅದೇ ಮನುಷ್ಯ ಸ್ನೇಹ ಬೆಳೆಸಲು ಬಂದನೆಂದು ಬೀರೂನಿಯವರೇ ಬರೆದಿಟ್ಟಿದ್ದಾರೆ. ಕೋಪದ ಸುಳಿವಿಲ್ಲದೆ, ಒಂದು ಅವಲೋಕನವನ್ನು ದಾಖಲಿಸಿದಂತೆ ಬರೆದಿದ್ದಾರೆ.

ರಯ್‌ನಲ್ಲಿ ಅವರಿಗೆ ಒಂದು ಲಾಭವಾಯಿತು. ಖಗೋಳಜ್ಞ ಅಲ್‌ಖುಜಂದಿಯವರು 994ರಲ್ಲಿ ಅಲ್ಲಿನ ಬೆಟ್ಟದ ಮೇಲೆ ಒಂದು ದೈತ್ಯ ಉಪಕರಣ ಕಟ್ಟಿಸಿದ್ದರು. ಪೂರ್ತಿ ವೃತ್ತವಲ್ಲ, ವೃತ್ತದ ಆರನೆಯ ಒಂದು ಭಾಗ, ಅಂದರೆ 60 ಡಿಗ್ರಿಯ ಕಂಸ. ತ್ರಿಜ್ಯ 40 ಮೊಳ! ಮೇಲ್ಚಾವಣಿಯ ಒಂದು ಸಣ್ಣ ರಂಧ್ರವೇ ಅದರ ಕೇಂದ್ರ. ಅಲ್ಲಿಂದ ಇಳಿದ ಬಿಸಿಲಿನ ಬಿಂಬವು ಕೆಳಗಿನ ಕಂಸದ ಮೇಲೆ ಬೀಳುತ್ತಿತ್ತು. ಇದರಲ್ಲಿ ಒಂದು ಡಿಗ್ರಿಗೆ ಮುಕ್ಕಾಲು ಮೊಳದ ಸಮೀಪ ಜಾಗ. ಬೀರೂನಿಯವರು ಖುಜಂದಿಯವರಿಂದಲೇ ಎಲ್ಲವನ್ನೂ ಕೇಳಿ ತಿಳಿದು ಅದರ ಬಗ್ಗೆ ಒಂದು ಪ್ರಬಂಧ ಬರೆದರು. ಇಷ್ಟು ಭಾರಿ ಉಪಕರಣದಿಂದ ಬಂದ ಫಲಿತಾಂಶವೂ ತುಸು ತಪ್ಪಿತ್ತು. ಭಾರಕ್ಕೆ ಚಾವಣಿ ಒಂದು ಗೇಣಿನಷ್ಟು ಕುಸಿದು ರಂಧ್ರ ಜಾಗ ಬದಲಿಸಿತ್ತು ಎಂಬ ಕಾರಣವನ್ನೂ ಅವರು ದಾಖಲಿಸಿದರು. ಕೇಂದ್ರ ಅಲುಗಿದರೆ ಕಂಸದ ಮೇಲಿನ ಗುರುತುಗಳು ಎಷ್ಟು ಸೂಕ್ಷ್ಮವಾಗಿದ್ದರೂ ಪ್ರಯೋಜನವಿಲ್ಲ ಎಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು.

ಎರಡು ವರ್ಷ ಕಳೆದು 997ರ ಮೇ 24ರ ರಾತ್ರಿ ಅವರನ್ನು ನಾವು ಮತ್ತೆ ಕಾಥ್‌ನಲ್ಲಿ ಕಾಣುತ್ತೇವೆ. ಅಂದು ಚಂದ್ರಗ್ರಹಣ. ಬಗ್ದಾದಿನಲ್ಲಿದ್ದ ಪ್ರಸಿದ್ಧ ಗಣಿತಜ್ಞ ಅಬುಲ್ ವಫಾ ಅವರೊಂದಿಗೆ ಮೊದಲೇ ಮಾತಾಗಿತ್ತು. ಇಬ್ಬರೂ ತಮ್ಮ ತಮ್ಮ ಊರಿನಲ್ಲಿ ಗ್ರಹಣ ಯಾವ ಹೊತ್ತಿಗಾಯಿತೆಂದು ಗುರುತಿಸಿಕೊಳ್ಳಬೇಕು. ಗ್ರಹಣವು ಎಲ್ಲರಿಗೂ ಒಂದೇ ಕ್ಷಣದಲ್ಲಿ ಆಗುತ್ತದೆ, ಆದರೆ ಪೂರ್ವದ ಊರಿನಲ್ಲಿ ಆಗ ಹೊತ್ತು ಹೆಚ್ಚು ಸರಿದಿರುತ್ತದೆ. ಎರಡು ಊರುಗಳ ನಡುವಿನ ವ್ಯತ್ಯಾಸ ಸುಮಾರು ಒಂದು ಗಂಟೆ ಎಂದು ಕಂಡುಬಂತು. 24 ಗಂಟೆಗೆ 360 ಡಿಗ್ರಿ ಸುತ್ತಾದರೆ ಒಂದು ಗಂಟೆಗೆ 15 ಡಿಗ್ರಿ. ಹೀಗೆ ಪೂರ್ವ-ಪಶ್ಚಿಮದ ಕಂಸವೂ ಸಿಕ್ಕಿತು. ತಂತಿ ಇಲ್ಲ, ದೂರವಾಣಿ ಇಲ್ಲ, ನಡುವೆ ಮರಳುಗಾಡು. ಇಬ್ಬರು ಪ್ರಾಮಾಣಿಕರು ಒಂದೇ ರಾತ್ರಿ ಒಂದೇ ಚಂದ್ರನನ್ನು ನೋಡಿ ಲೆಕ್ಕ ಒಪ್ಪಿಸಿದರು.

ನಂತರ ಅವರು ಕಾಸ್ಪಿಯನ್ ಸಮುದ್ರದ ಬದಿಯ ಜುರ್ಜಾನ್‌ಗೆ ಹೋಗಿ ಅಲ್ಲಿನ ಅರಸ ಕಾಬೂಸ್‌ನ ಆಶ್ರಯ ಪಡೆದರು. ಬೇರೆ ಬೇರೆ ಜನಾಂಗಗಳ ಕಾಲಗಣನೆಯ ಬಗ್ಗೆ ಅವರ ದೊಡ್ಡ ಗ್ರಂಥ ಅಲ್‌ಆಸಾರುಲ್ ಬಾಕಿಯಾ ಸುಮಾರು 1000ನೇ ವರ್ಷದಲ್ಲಿ ಇಲ್ಲಿ ರಚನೆಯಾಯಿತು. ಆದರೆ ಅವರ ಮನಸ್ಸು ಇನ್ನೊಂದು ಕೆಲಸದಲ್ಲಿತ್ತು. ಅದಕ್ಕೆ ನೂರ ಎಪ್ಪತ್ತು ವರ್ಷ ಹಿಂದೆ ಖಲೀಫಾ ಮಾಮೂನ್‌ನ ಆಜ್ಞೆಯಂತೆ ವಿದ್ವಾಂಸರು ಇರಾಕಿನ ಸಿಂಜಾರ್ ಬಯಲಿನಲ್ಲಿ ಭೂಮಿಯನ್ನು ಅಳೆದಿದ್ದರು. ಒಂದು ತಂಡ ಉತ್ತರಕ್ಕೆ, ಒಂದು ತಂಡ ದಕ್ಷಿಣಕ್ಕೆ ಹೊರಟು, ಆಕಾಶದ ಧ್ರುವದ ಎತ್ತರ ಸರಿಯಾಗಿ ಒಂದು ಡಿಗ್ರಿ ಬದಲಾಗುವವರೆಗೆ ನೇರವಾಗಿ ನಡೆದು ದಾರಿಯನ್ನು ಅಳೆಯಿತು. ಧ್ರುವ ಒಂದು ಡಿಗ್ರಿ ಏರಿತೆಂದರೆ ನಡೆದ ಕಂಸದ ಕೇಂದ್ರ ಕೋನ, ಅಂದರೆ ಭೂಮಿಯ ನಡುಬಿಂದುವಿನಲ್ಲಿ ಆಗುವ ಕೋನ, ಒಂದು ಡಿಗ್ರಿ. ಆ ದಾರಿಯ ಉದ್ದವನ್ನು 360ರಿಂದ ಗುಣಿಸಿದರೆ ಭೂಮಿಯ ಸುತ್ತಳತೆ ದೊರೆಯುತ್ತದೆ. ಅವರಿಗೆ ಬಂದ ಉತ್ತರಗಳಲ್ಲಿ 56 ಮೈಲಿ ಎಂದೂ 56 ಮತ್ತು ಮೂರರಲ್ಲಿ ಎರಡು ಮೈಲಿ ಎಂದೂ ಎರಡು ಪಾಠ ಉಳಿದುಕೊಂಡಿದ್ದವು. ಅರಬರ ಮೈಲಿ ಎಂದರೆ 4000 ಮೊಳ, ನಮ್ಮ ಇಂಗ್ಲಿಷ್ ಮೈಲಿಗಿಂತ ದೊಡ್ಡದು. ಈ ಸಂದೇಹವನ್ನು ತಾನೇ ಅಳೆದು ತೀರಿಸಬೇಕೆಂದು ಬೀರೂನಿಯವರು ಜುರ್ಜಾನ್ ಮತ್ತು ಗುಝ್ ತುರ್ಕರ ನಾಡಿನ ನಡುವಿನ ಬಯಲನ್ನೂ ಆರಿಸಿಕೊಂಡರು. ಅರಸನಿಗೆ ಆಸಕ್ತಿ ಉಳಿಯಲಿಲ್ಲ. ಕೆಲಸ ನಿಂತಿತು.

ಮುಂದಿನ ಕೆಲವು ವರ್ಷ ಅವರು ಸ್ವಂತ ನಾಡಿಗೆ ಮರಳಿ ಗುರ್ಗಾಂಜ್‌ನ ಖ್ವಾರಿಝ್ಮ್ ಷಾಹನ ಆಪ್ತ ಸಲಹೆಗಾರರಾಗಿದ್ದರು. 1017ರಲ್ಲಿ ಆ ನೆಮ್ಮದಿಯೂ ಮುಗಿಯಿತು. ಷಾಹನು ತನ್ನವರಿಂದಲೇ ಕೊಲೆಯಾದನು. ಘಝ್ನಿಯ ಸುಲ್ತಾನ್ ಮಹ್ಮೂದ್ ದಂಡೆತ್ತಿ ಬಂದು ಖ್ವಾರಿಝ್ಮನ್ನು ಗೆದ್ದನು. ಗೆದ್ದವರು ಚಿನ್ನ-ಬೆಳ್ಳಿ ಒಯ್ಯುವಂತೆ ಈತ ವಿದ್ವಾಂಸರನ್ನೂ ಒಯ್ದನು. ಬೀರೂನಿ ಮತ್ತು ಅವರ ಮುದಿ ಗುರು ಅಬೂ ನಸ್ರ್ ಇಬ್ಬರೂ ಆ ಗುಂಪಿನಲ್ಲಿದ್ದರು. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಅವರು ಊರು ಬಿಟ್ಟು ಅಫ್ಘಾನ್ ಬೆಟ್ಟಗಳ ನಡುವೆ ಬಂದು ನಿಂತರು.

ಅವರ ಬದುಕಿನಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವ ದಿನ ಇದಾದ ಮರುವರ್ಷದ್ದು. 1018ರ ಅಕ್ಟೋಬರ್ 14. ಕಾಬೂಲ್ ಸಮೀಪದ ಜಯ್‌ಫೂರ್ ಎಂಬ ಹಳ್ಳಿ. ಬೀರೂನಿಯವರು ಅಂದು ಮನಸ್ಸು ನೊಂದ ಸ್ಥಿತಿಯಲ್ಲಿದ್ದರು. ಅವರ ಬಳಿ ಒಂದು ಉಪಕರಣವೂ ಇರಲಿಲ್ಲ. 15 ಮೊಳದ ಉಂಗುರ ಇಲ್ಲ, 40 ಮೊಳದ ಕಂಸ ಇಲ್ಲ, ಹದಿನೇಳರ ಹರೆಯದ ಆ ಚಿಕ್ಕ ಉಂಗುರವೂ ಇಲ್ಲ. ಇದ್ದದ್ದು ಲೆಕ್ಕ ಮಾಡುವ ಒಂದು ಹಲಗೆ. ಅವರು ಅದನ್ನು ತಿರುಗಿಸಿ, ಬೆನ್ನಿನ ಕಡೆ ವೃತ್ತದ ಕಾಲುಭಾಗದ ಒಂದು ಕಂಸವನ್ನು ಬರೆದು, 90 ಡಿಗ್ರಿಗೆ ಗುರುತು ಹಾಕಿ, ಒಂದು ತೂಗುದಾರ ಕಟ್ಟಿದರು. ಹಲಗೆಯ ಅಂಚನ್ನು ಸೂರ್ಯನತ್ತ ಹಿಡಿದಾಗ ದಾರ ಯಾವ ಗುರುತಿನ ಮೇಲೆ ನಿಂತಿತೋ ಅದೇ ಸೂರ್ಯನ ಎತ್ತರ. ನಮ್ಮ ಮಕ್ಕಳು ಇಂದು ಪೆಟ್ಟಿಗೆಯಲ್ಲಿಟ್ಟುಕೊಂಡು ಶಾಲೆಗೆ ಒಯ್ಯುವ ಕೋನಮಾಪಕಕ್ಕಿಂತ ಅದು ಹೆಚ್ಚೇನೂ ಆಗಿರಲಿಲ್ಲ. ಅಂದಿನ ಅಳತೆಯನ್ನು ಅವರು ಬರೆದಿಟ್ಟರು. ಯಾವ ಸ್ಥಿತಿಯಲ್ಲಿ, ಯಾವುದರಿಂದ ಅಳೆದೆ ಎಂಬುದನ್ನೂ ಮುಚ್ಚಿಡದೆ ಬರೆದರು.

ಅಷ್ಟು ಕಷ್ಟದಲ್ಲೂ ಅಳೆಯಲೇಬೇಕಾದ ಅಗತ್ಯವೇನಿತ್ತು? ಮುಂದಿನ ಏಳು ವರ್ಷಗಳಲ್ಲಿ ಅವರು ಬರೆದು 1025ರಲ್ಲಿ ಮುಗಿಸಿದ ಗ್ರಂಥವೇ ಇದಕ್ಕೆ ಉತ್ತರ. ಅದರ ಹೆಸರು ತಹ್‌ದೀದು ನಿಹಾಯಾತಿಲ್ ಅಮಾಕಿನ್. ಊರುಗಳ ಸ್ಥಾನವನ್ನೂ ಅವುಗಳ ನಡುವಿನ ದೂರವನ್ನೂ ನಿಖರಗೊಳಿಸುವುದು ಅದರ ವಿಷಯ. ಅದರ ಗುರಿ ಘಝ್ನಿಯ ಸ್ಥಾನವನ್ನು ಖಚಿತಪಡಿಸಿ ಅಲ್ಲಿಂದ ಕಿಬ್ಲಾದ ದಿಕ್ಕನ್ನು ಕಂಡುಹಿಡಿಯುವುದು. ಘಝ್ನಿಯ ಅಕ್ಷಾಂಶ 33 ಡಿಗ್ರಿ 35 ನಿಮಿಷ ಎಂದು ಅವರು ಕಂಡರು. ಇಲ್ಲಿ ನಿಮಿಷವೆಂದರೆ ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗ. ಇಂದಿನ ಅಳತೆಗೂ ಅದಕ್ಕೂ ಎರಡು-ಮೂರು ನಿಮಿಷಗಳ ವ್ಯತ್ಯಾಸವಷ್ಟೇ ಇದೆ. ಆದರೆ ಬಗ್ದಾದಿನಿಂದ ಘಝ್ನಿಯವರೆಗಿನ ಪೂರ್ವ-ಪಶ್ಚಿಮ ಕಂಸ ಸುಲಭದಲ್ಲಿ ಸಿಗುವಂತಹದಲ್ಲ. ಒಂದು ಊರಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಕಾರವಾನ್ ದಾರಿಯ ಫರ್ಸಖುಗಳನ್ನು ಹಿಡಿದು, ದಾರಿಯ ತಿರುವು-ಏರಿಳಿತಗಳಿಗೆಂದು ಸ್ವಲ್ಪ ಕಳೆದು, ಅದನ್ನು ಡಿಗ್ರಿಗೆ ಇಳಿಸಿ, ಸರಪಳಿಯಂತೆ ಒಂದಕ್ಕೊಂದು ಹೊಂದಿಸಿದರು. ಒಂದು ದಾರಿಯ ಉತ್ತರವನ್ನು ಇನ್ನೊಂದು ದಾರಿಯಿಂದ ಪರೀಕ್ಷಿಸಿದರು. ಕಿಬ್ಲಾಕ್ಕೂ ಒಂದೇ ವಿಧಾನಕ್ಕೆ ತೃಪ್ತರಾಗದೆ ಹಲವು ವಿಧಾನಗಳನ್ನು ಬಳಸಿದರು.

ಮದ್ರಸದ ಹುಡುಗನಿಗೆ ನಾನು ಹೇಳಿದ್ದೂ ಇದನ್ನೇ. ಮಂಗಳೂರಿನಿಂದ ಮಕ್ಕಾಕ್ಕೆ ಭೂಮಿಯ ಮೇಲೆ ಅತಿ ಹತ್ತಿರದ ದಾರಿಯೂ ಒಂದು ಕಂಸವೇ. ಎರಡೂ ಊರುಗಳಿಂದ ಭೂಮಿಯ ಕೇಂದ್ರಕ್ಕೆ ಗೆರೆ ಎಳೆದಂತೆ ಊಹಿಸಿದರೆ ಅಲ್ಲಿನ ಕೋನ ಸುಮಾರು ಮೂವತ್ತನಾಲ್ಕೂವರೆ ಡಿಗ್ರಿ. ಡಿಗ್ರಿಗೆ 111 ಕಿಲೋಮೀಟರ್‌ನಂತೆ ಗುಣಿಸಿದರೆ ಮೂರು ಸಾವಿರದ ಎಂಟುನೂರು ಕಿಲೋಮೀಟರ್ ದಾಟುತ್ತದೆ. ಆ ಕಂಸವು ಮಂಗಳೂರಿನಿಂದ ಹೊರಡುವ ದಿಕ್ಕೇ ಕಿಬ್ಲಾ. ಎರಡು ಊರುಗಳ ಅಕ್ಷಾಂಶ ಮತ್ತು ರೇಖಾಂಶ ಗೊತ್ತಿದ್ದರೆ, ಸಮುದ್ರಕ್ಕೆ ಕಾಲಿಡದೆ ಇದು ತಿಳಿಯುತ್ತದೆ.

ಇನ್ನು ಬೆಟ್ಟದ ಕಥೆ. ಮಹ್ಮೂದನ ದಂಡಯಾತ್ರೆಗಳ ನೆರಳಿನಲ್ಲಿ ಬೀರೂನಿಯವರು ಪಂಜಾಬಿಗೂ ಬಂದರು. ಇಂದು ಪಾಕಿಸ್ತಾನದಲ್ಲಿರುವ ಉಪ್ಪಿನ ಬೆಟ್ಟಸಾಲಿನಲ್ಲಿ ನಂದನಾ ಎಂಬ ಕೋಟೆ ಇದೆ. ಅದರ ದಕ್ಷಿಣಕ್ಕೆ ವಿಶಾಲ ಬಯಲು. ಆ ಬೆಟ್ಟದ ತುದಿಯಲ್ಲಿ ನಿಂತು ನೋಡಿದಾಗ, ಜುರ್ಜಾನಿನಲ್ಲಿ ನಿಂತುಹೋಗಿದ್ದ ಕೆಲಸವನ್ನು ಅರಸನ ಹಣವಿಲ್ಲದೆಯೇ, ನಡೆಯದೆಯೇ ಮಾಡಬಹುದೆಂದು ಅವರಿಗೆ ಅನ್ನಿಸಿತು.

ನೀವು ಆ ಬೆಟ್ಟದ ಮೇಲಿದ್ದೀರಿ ಎಂದುಕೊಳ್ಳಿ. ಕಣ್ಣಿನ ಮಟ್ಟಕ್ಕೆ ಸರಿಯಾಗಿ ನೇರ ಮುಂದೆ ನೋಡಿದರೆ ಕಾಣುವುದು ಬರಿಯ ಆಕಾಶ. ನೆಲವೂ ಆಕಾಶವೂ ಸೇರುವ ಅಂಚನ್ನು ನೋಡಬೇಕಾದರೆ ದೃಷ್ಟಿಯನ್ನು ಸ್ವಲ್ಪ ಕೆಳಗಿಳಿಸಬೇಕು. ಎಷ್ಟು ಇಳಿಸಿದಿರಿ ಎಂಬ ಕೋನವನ್ನು ಅಳೆದುಕೊಳ್ಳಿ. ನಿಮ್ಮ ದೃಷ್ಟಿರೇಖೆ ಭೂಮಿಯನ್ನು ಎಲ್ಲಿ ಸವರುತ್ತದೆಯೋ ಅಲ್ಲಿಂದ ಭೂಮಿಯ ಕೇಂದ್ರಕ್ಕೆ ಒಂದು ಗೆರೆ, ನೀವು ನಿಂತ ಬೆಟ್ಟದಿಂದ ಕೇಂದ್ರಕ್ಕೆ ಇನ್ನೊಂದು ಗೆರೆ ಎಳೆದರೆ ಒಂದು ತ್ರಿಕೋನವಾಗುತ್ತದೆ. ಸವರುವ ಗೆರೆಗೂ ತ್ರಿಜ್ಯಕ್ಕೂ ನಡುವೆ ಯಾವಾಗಲೂ ಲಂಬಕೋನ. ಆದ್ದರಿಂದ ನಿಮ್ಮ ಕಣ್ಣಿನ ಬಳಿಯ ಕೋನ ಮತ್ತು ಕೇಂದ್ರದ ಕೋನ ಸೇರಿ 90 ಡಿಗ್ರಿ. ಇತ್ತ ದೃಷ್ಟಿ ಇಳಿದ ಕೋನ ಮತ್ತು ಅದೇ ಕಣ್ಣಿನ ಬಳಿಯ ಕೋನ ಸೇರಿದರೂ 90 ಡಿಗ್ರಿ. ಅಂದರೆ ಬೆಟ್ಟದ ಮೇಲೆ ದೃಷ್ಟಿ ಎಷ್ಟು ಇಳಿಯಿತೋ ಅಷ್ಟೇ ಕೋನ ಭೂಮಿಯ ಕೇಂದ್ರದಲ್ಲಿಯೂ ಇದೆ! ಬೆಟ್ಟದ ಬುಡದಿಂದ ದಿಗಂತದವರೆಗಿನ ಕಂಸವೂ ಅಷ್ಟೇ. ಯಾರೂ ಇಳಿದು ಹೋಗಲಾರದ ಭೂಗರ್ಭದ ಕೋನ ಹೀಗೆ ಬೆಟ್ಟದ ಮೇಲೆ ನಿಂತವರ ಕೈಗೆ ಸಿಗುತ್ತದೆ. ಒಂದು ಕಾಗದದ ಮೇಲೆ ಚಿತ್ರ ಬರೆದು ನೋಡಿ, ಐದು ನಿಮಿಷದಲ್ಲಿ ತಿಳಿಯುತ್ತದೆ.

ಅವರು ಕಂಡ ಕೋನ 34 ನಿಮಿಷ, ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಬೆಟ್ಟದ ಎತ್ತರ ಸುಮಾರು 652 ಮೊಳ. ಇವೆರಡರಿಂದ ಭೂಮಿಯ ತ್ರಿಜ್ಯ ಸುಮಾರು 1 ಕೋಟಿ 28 ಲಕ್ಷ ಮೊಳ ಎಂದು ಬಂತು. ಒಂದು ಡಿಗ್ರಿಯ ಕಂಸಕ್ಕೆ ಸುಮಾರು 56 ಮೈಲಿ. ಮಾಮೂನನ ಕಾಲದವರು ಮರಳಿನಲ್ಲಿ ನಡೆದು ಪಡೆದ ಉತ್ತರಕ್ಕೆ ಇದು ತೀರಾ ಹತ್ತಿರ.

ಇಲ್ಲೊಂದು ಮಾತು ಹೇಳಬೇಕು. ಬೀರೂನಿಯವರು ಭೂಮಿಯ ತ್ರಿಜ್ಯವನ್ನು ಇಷ್ಟೇ ಕಿಲೋಮೀಟರ್ ವ್ಯತ್ಯಾಸದಲ್ಲಿ ಸರಿಯಾಗಿ ಹೇಳಿದ್ದರೆಂದು ನಮ್ಮ ಎಷ್ಟೋ ಭಾಷಣಗಳಲ್ಲಿ, ಪುಸ್ತಿಕೆಗಳಲ್ಲಿ ಕೇಳುತ್ತೇವೆ. ಅವರ ಮೊಳದ ಉದ್ದ ಇಂದಿನ ಲೆಕ್ಕದಲ್ಲಿ ಎಷ್ಟೆಂಬುದು ನಿರ್ಧಾರವಾಗದೆ ಹಾಗೆ ಹೇಳಲಾಗದು. ಇನ್ನೂ ಒಂದಿದೆ. ಅವರ ಕೋನ, ಅವರ ಎತ್ತರಗಳನ್ನೇ ಹಿಡಿದು ನಾನು ಇಂದಿನ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಮಾಡಿದಾಗ 1 ಕೋಟಿ 33 ಲಕ್ಷ ಮೊಳ ಬಂತು. ಇಷ್ಟು ಚಿಕ್ಕ ಕೋನದಲ್ಲಿ ಕೋಷ್ಟಕದ ಕೊನೆಯ ಅಂಕಿ ಒಂದಿಷ್ಟು ಬದಲಾದರೂ ಉತ್ತರ ಲಕ್ಷಗಟ್ಟಲೆ ಬದಲಾಗುತ್ತದೆ. ಗಾಳಿಯಲ್ಲಿ ಬೆಳಕು ಬಾಗುವುದರಿಂದ ದಿಗಂತವೂ ಇದ್ದ ಜಾಗದಲ್ಲಿ ಕಾಣುವುದಿಲ್ಲ. ಅಂದಿನ ಉಪಕರಣದಲ್ಲಿ 34 ನಿಮಿಷವೆಂದು ಅಷ್ಟು ಸೂಕ್ಷ್ಮವಾಗಿ ಓದಲು ಸಾಧ್ಯವಿತ್ತೇ ಎಂದು ಸಂದೇಹಿಸುವ ಇತಿಹಾಸಕಾರರಿದ್ದಾರೆ. ಹಾಗಾದರೆ ಅವರ ಹೆಗ್ಗಳಿಕೆ ಕಡಿಮೆಯಾಯಿತೇ? ಬೀರೂನಿಯವರೇ ಏನು ಮಾಡಿದರೆಂದು ನೋಡಿ. ತನ್ನ ವಿಧಾನ ಸುಂದರ, ತನ್ನ ಉತ್ತರ ಸಮೀಪದ್ದು ಎಂದು ಗೊತ್ತಿದ್ದೂ ಅವರು ಹಳಬರ ಅಂಕಿಯನ್ನೇ ಉಳಿಸಿಕೊಂಡರು. ಅವರ ಉಪಕರಣಗಳು ತನ್ನವಕ್ಕಿಂತ ಸೂಕ್ಷ್ಮವಾಗಿದ್ದವು, ಅವರು ಪಟ್ಟ ಶ್ರಮ ಹೆಚ್ಚಿನದು ಎಂಬ ಕಾರಣವನ್ನೂ ಬರೆದರು. ಅವರನ್ನು ಹೊಗಳಲು ಹೊರಟು, ಅವರೇ ಹೇಳಿಕೊಳ್ಳದ್ದನ್ನು ನಾವು ಹೇಳುವುದು ಅವರಿಗೆ ಮಾಡುವ ಗೌರವವಲ್ಲ.

ಭಾರತದಲ್ಲಿ ಅವರು ಕಂಡದ್ದನ್ನೆಲ್ಲ ಇಲ್ಲಿ ಬರೆದು ಮುಗಿಯದು. ನಡುವಯಸ್ಸಿನಲ್ಲಿ ಸಂಸ್ಕೃತ ಕಲಿಯಲು ಕೂತರು. ಪಂಡಿತರ ಬಳಿ ಕೇಳಿ ತಿಳಿದರು, ಪತಂಜಲಿಯ ಯೋಗವನ್ನು ಅರಬಿಗೆ ತಂದರು. 1030ರ ಹೊತ್ತಿಗೆ ಭಾರತದ ಬಗೆಗಿನ ಪ್ರಸಿದ್ಧ ಗ್ರಂಥ ಕಿತಾಬುಲ್ ಹಿಂದ್ ಅನ್ನು ಮುಗಿಸಿದರು. ಹಿಂದೂಗಳ ನಂಬಿಕೆಯನ್ನು ಅವರ ಗ್ರಂಥಗಳಿಂದಲೇ ತಿಳಿದು, ತಿರುಚದೆ ಬರೆದರು. ತನ್ನನ್ನು ಸಾಕುತ್ತಿದ್ದ ಸುಲ್ತಾನನ ದಾಳಿಗಳಿಂದ ಈ ನಾಡಿನ ಸಮೃದ್ಧಿ ಹಾಳಾಯಿತು, ಜನ ಚೆದುರಿದರು, ವಿದ್ಯೆಗಳು ಗೆದ್ದ ಪ್ರದೇಶಗಳನ್ನು ಬಿಟ್ಟು ದೂರ ಸರಿದವು ಎಂಬುದನ್ನೂ ಬರೆಯಲು ಹಿಂಜರಿಯಲಿಲ್ಲ. ಕನ್ನಡಿಗರಾದ ನಮಗೆ ಸಂತೋಷವಾಗುವ ಒಂದು ಸಾಲೂ ಅದರಲ್ಲಿದೆ: ಭಾರತದ ಲಿಪಿಗಳನ್ನು ಎಣಿಸುವಾಗ ಕರ್ಣಾಟ ದೇಶದ ಕರ್ಣಾಟ ಲಿಪಿಯನ್ನೂ, ಸೈನ್ಯಗಳಲ್ಲಿ ಕನ್ನರರೆಂದು ಹೆಸರಾದ ಅಲ್ಲಿನ ಯೋಧರನ್ನೂ ಅವರು ಹೆಸರಿಸಿದ್ದಾರೆ. ನೀವು ಈಗ ಓದುತ್ತಿರುವ ಅಕ್ಷರಗಳ ಸುದ್ದಿ ಸಾವಿರ ವರ್ಷದ ಹಿಂದೆಯೇ ಘಝ್ನಿಗೆ ತಲುಪಿತ್ತು.

ಕಂಸದ ವಿಷಯದಲ್ಲಿ ಎರಡು ಭಾಷೆಗಳು ಒಂದೇ ರೀತಿ ಯೋಚಿಸಿದ್ದನ್ನೂ ಇಲ್ಲಿಯೇ ಹೇಳಬಹುದು. ಅರಬಿಯಲ್ಲಿ ಕಂಸಕ್ಕೆ ಕೌಸ್, ಅಂದರೆ ಬಿಲ್ಲು. ಅದರ ಎರಡು ತುದಿ ಸೇರಿಸುವ ಗೆರೆ ವತರ್, ಅಂದರೆ ಬಿಲ್ಲಿನ ಹೆದೆ. ನಡುವಿನ ಎತ್ತರ ಸಹಮ್, ಅಂದರೆ ಬಾಣ. ಸಂಸ್ಕೃತದಲ್ಲಿ ಇವೇ ಚಾಪ, ಜ್ಯಾ, ಶರ. ನಮ್ಮ ಪಠ್ಯದ ಜ್ಯಾ, ತ್ರಿಜ್ಯ ಎಂಬ ಪದಗಳಲ್ಲಿ ಆ ಹೆದೆ ಇಂದಿಗೂ ಇದೆ. ವೃತ್ತದ ಜ್ಯಾಗಳ ಬಗ್ಗೆಯೇ ಬೀರೂನಿಯವರು ಒಂದು ಪ್ರತ್ಯೇಕ ಪುಸ್ತಕ ಬರೆದಿದ್ದಾರೆ.

ಮಹ್ಮೂದ್ 1030ರಲ್ಲಿ ತೀರಿಕೊಂಡನು. ಅವನ ಮಗ ಮಸ್‌ಊದ್‌ನ ಹೆಸರಿನಲ್ಲಿ ಬೀರೂನಿಯವರು ಖಗೋಳಶಾಸ್ತ್ರದ ತಮ್ಮ ಮಹಾಗ್ರಂಥ ಅಲ್‌ಕಾನೂನುಲ್ ಮಸ್‌ಊದಿಯನ್ನು ಬರೆದರು. ಅದಕ್ಕೆ ಬಹುಮಾನವಾಗಿ ಬಂದ ಒಂದು ಆನೆ ಹೊರೆ ಬೆಳ್ಳಿಯನ್ನು ತನಗೆ ಬೇಡವೆಂದು ಹಿಂದಿರುಗಿಸಿದರು ಎಂದು ಎರಡು ಶತಮಾನದ ನಂತರದ ಚರಿತ್ರೆಕಾರ ಯಾಕೂತ್ ಬರೆದಿದ್ದಾರೆ. ಅವರು ಬರೆದ ಕೃತಿಗಳ ಸಂಖ್ಯೆ ಸುಮಾರು ನೂರ ನಲವತ್ತಾರು. ಬಹುಪಾಲು ಕಳೆದುಹೋಗಿ ಇಪ್ಪತ್ತು ಚಿಲ್ಲರೆ ಮಾತ್ರ ನಮಗೆ ಉಳಿದಿವೆ. ಅವರ ಮರಣ ಸಾಮಾನ್ಯವಾಗಿ 1048 ಎಂದು ಹೇಳಲಾಗುತ್ತದೆ. ಆದರೆ ಔಷಧಗಳ ಬಗೆಗಿನ ಕೊನೆಯ ಪುಸ್ತಕದಲ್ಲಿ ತನಗೆ ಎಂಬತ್ತು ದಾಟಿತೆಂದು ಅವರೇ ಬರೆದಿರುವುದರಿಂದ ಒಂದೆರಡು ವರ್ಷ ಮುಂದೆ ಹೋಗಬೇಕೆಂದು ತೋರುತ್ತದೆ.

ಅವರ ಕೊನೆಯ ಗಳಿಗೆಯನ್ನೂ ಯಾಕೂತ್ ದಾಖಲಿಸಿದ್ದಾರೆ. ಅಲ್‌ವಲ್‌ವಾಲಿಜಿ ಎಂಬ ಫಕೀಹರು ನೋಡಲು ಬಂದಾಗ ಬೀರೂನಿಯವರ ಉಸಿರು ಗಂಟಲಲ್ಲಿ ಸಿಕ್ಕಿಕೊಂಡಂತಿತ್ತು. ಆ ಸ್ಥಿತಿಯಲ್ಲೇ, ಹಿಂದೊಮ್ಮೆ ಇಬ್ಬರ ನಡುವೆ ಬಂದಿದ್ದ ಒಂದು ವಿಷಯವನ್ನು ಅವರು ಮತ್ತೆ ಎತ್ತಿದರು. ವಾರಸಿನಲ್ಲಿ ಕೆಲವು ಅಜ್ಜಿಯಂದಿರ ಪಾಲಿನ ಲೆಕ್ಕ ಅದು. ಅದನ್ನು ಇನ್ನೊಮ್ಮೆ ವಿವರಿಸಬೇಕೆಂದು ಕೇಳಿದರು. ಬಂದವರಿಗೆ ಕರುಳು ಹಿಂಡಿದಂತಾಯಿತು. ಇಂತಹ ಹೊತ್ತಿನಲ್ಲಿ ಇದು ಬೇಕೇ ಎಂದರು. ತಿಳಿಯದೆ ಈ ಲೋಕ ಬಿಡುವುದಕ್ಕಿಂತ ತಿಳಿದು ಬಿಡುವುದು ಲೇಸಲ್ಲವೇ ಎಂಬ ಅರ್ಥದಲ್ಲಿ ಬೀರೂನಿಯವರು ಉತ್ತರಿಸಿದರು. ಫಕೀಹರು ವಿವರಿಸಿದರು. ಕೇಳಿದ್ದನ್ನು ಬೀರೂನಿಯವರು ಮರಳಿ ಹೇಳಿ ಒಪ್ಪಿಸಿದರು. ತಾನು ತಿಳಿಸುವೆನೆಂದು ಮಾತು ಕೊಟ್ಟಿದ್ದ ಒಂದು ವಿಷಯವನ್ನು ಅವರಿಗೆ ತಿಳಿಸಿಯೂ ಕೊಟ್ಟರು. ಫಕೀಹರು ಸಲಾಂ ಹೇಳಿ ಹೊರಬಂದು ಇನ್ನೂ ದಾರಿಯಲ್ಲಿದ್ದಾಗಲೇ ಹಿಂದಿನಿಂದ ಆ ಮನೆಯ ಅಳು ಕೇಳಿಸಿತು.